ಹಿಪ್ಪುನೇರಳೆ ಬರೀ ಹುಳಕ್ಕಲ್ಲ!

ಕ್ಯಾಲನೂರು ಕಡೆಯ ಹುಡುಗರ ಬೆರಳಿಗೆ ಅಂಟುವ ಹಿಪ್ಪುನೇರಳೆ ಹಣ್ಣಿನ ಬಣ್ಣ ಬಿಸಿಲಿನಿಂದ ಕರೆಂಟು ತೆಗೆಯುತ್ತದೆ. ತಮಾಷೆಯಲ್ಲ! 1991ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಓ'ರೀಗನ್, ಗ್ರೆಟ್ಸೆಲ್ ತೋರಿಸಿದ ದಾರಿ ಇದು. ಗಾಜಿನ ಮೇಲೆ ಟೈಟಾನಿಯಂ ಡೈಆಕ್ಸೈಡಿನ ಅತಿಸಣ್ಣ ಕಣಗಳ ಪದರ, ಅದಕ್ಕಂಟಿದ ಬಣ್ಣ. ಬಣ್ಣ ಬೆಳಕು ಹೀರುತ್ತದೆ, ಕಣ ಎಲೆಕ್ಟ್ರಾನ್ ಸಾಗಿಸುತ್ತದೆ. ಕಣ ಸಣ್ಣದಾದಷ್ಟೂ ಬಣ್ಣಕ್ಕೆ ಜಾಗ ಹೆಚ್ಚು.

ಅಂಥ ಪುಡಿ ದುಬಾರಿಯಂತೆ! ಯಾರು ಹೇಳಿದ್ದು ಸ್ವಾಮಿ? ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಕಿಂಗ್‌ಸ್ಲಿ ಮತ್ತು ಕೆ.ಸಿ. ಪಾಟೀಲರು 1988ರಲ್ಲೇ ಹೊಸ ವಿಧಾನ ಪ್ರಕಟಿಸಿದರು. ಅಲ್ಯೂಮಿನಿಯಂ ನೈಟ್ರೇಟಿಗೆ ಯೂರಿಯಾ ಬೆರೆಸಿ 500 ಡಿಗ್ರಿ ಕುಲುಮೆಗಿಟ್ಟರೆ ಭಗ್ಗನೆ ಹೊತ್ತಿ, ನಿಮಿಷಗಳಲ್ಲೇ ನುಣ್ಣನೆಯ ಆಕ್ಸೈಡ್ ಪುಡಿ. ಹೊಲಕ್ಕೆ ಚೆಲ್ಲುವ ಅದೇ ಯೂರಿಯಾ! ಆಮೇಲೆ ಅಲ್ಲಿಯೇ ಎಂ.ಎಸ್. ಹೆಗ್ಡೆ, ಗಿರಿಧರ್ ಮದ್ರಾಸ್ ಮೊದಲಾದವರು ಗ್ಲೈಸಿನ್ ಬಳಸಿ, ಇದೇ ಜಾಡಿನಲ್ಲಿ ಸುಮಾರು 10 ನ್ಯಾನೋಮೀಟರ್ ಗಾತ್ರದ ಟೈಟಾನಿಯಂ ಡೈಆಕ್ಸೈಡ್ ಮಾಡಿದರು.

ಹಣ್ಣಿನ ಬಣ್ಣದ ಸೆಲ್ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲಿನ ಆಸುಪಾಸು ಮಾತ್ರ ವಿದ್ಯುತ್ತಾಗಿಸುತ್ತದೆ, ಬಣ್ಣ ಬೇಗ ಮಾಸುತ್ತದೆ. ಇದರಿಂದ ಪಂಪ್‌ಸೆಟ್ ಓಡದು, ಒಪ್ಪೋಣ. ಹೆಚ್ಚು ಬಾಳುವ ರುಥೇನಿಯಂ ಬಣ್ಣದ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಆದರೆ ಕೋಲಾರದ ಕಾಲೇಜು ಲ್ಯಾಬಿನಲ್ಲಿ ಮಾಡಿ ಕಲಿಯಲು ಏನಡ್ಡಿ? ಬೇಕಿರುವುದು ಒಂದಿಷ್ಟು ಪುಡಿ, ವಿದ್ಯುತ್ ಹರಿಯುವ ಗಾಜು, ಕನ್ನಡದಲ್ಲಿ ನಾಲ್ಕು ಪುಟ ವಿವರಣೆ. ರಜೆಗೆ ಊರಿಗೆ ಹೋಗುವ ಇಂಜಿನಿಯರಿಂಗ್ ಹುಡುಗರೇ, ಹುಡುಗಿಯರೇ, ಆ ನಾಲ್ಕು ಪುಟ ಈ ಸಲ ನೀವೇ ಬರೆದುಕೊಂಡು ಹೋಗಿ.