ಆರು ಕ್ರೋಮಿಸ್ ತರುವ ಮುನ್ನ

ಸಮುದ್ರದ ಮೀನು ಸಾಕುವ ಹುಚ್ಚು ಗೋಕಾಕ, ಮೂಡಲಗಿ, ಹುಕ್ಕೇರಿಯ ಗೆಳೆಯರಿಗೂ ಹತ್ತಿದೆ. ವಿಡಿಯೋದಲ್ಲಿ ಗುಂಪಾಗಿ ಈಜುವ ಹಸಿರು-ನೀಲಿ ಕ್ರೋಮಿಸ್ ನೋಡಿ ನನ್ನ ತಮ್ಮನೂ ಆರು ಬೇಕೆಂದು ಅಬ್ಬಾಗೆ ದುಂಬಾಲು ಬಿದ್ದಿದ್ದಾನೆ. ನಾನು ಬೇಡ ಎನ್ನುತ್ತೇನೆ.

ಕಾಮರ್ಸ್‌ನವಳು, ಮೊದಲು ಲೆಕ್ಕ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. 200 ಲೀಟರ್ ಟ್ಯಾಂಕಿಗೆ 7 ಕೆ.ಜಿ. ಅಡುಗೆ ಉಪ್ಪು ನಡೆಯದು, ಅದಕ್ಕೆಂದೇ ತಯಾರಿಸಿದ ಉಪ್ಪು ಬೇಕು. ನೀರು ಬದಲಿಸಿದಾಗಲೆಲ್ಲ ಮತ್ತೆ ಖರ್ಚು. ಕರೆಂಟ್ ಹೋಗಿ ಪಂಪ್ ನಿಂತರೆ ನೀರಿನ ಆಮ್ಲಜನಕವೂ ಇಳಿಯುತ್ತದೆ.

ಇದಕ್ಕಿಂತ ದೊಡ್ಡದು ವಿಡಿಯೋದಲ್ಲಿ ಕಾಣದ ಮಾತು. ಹವಳದ ದಿಬ್ಬದಲ್ಲಿ ದೊಡ್ಡ ಮೀನುಗಳ ಭಯಕ್ಕೆ ಒಟ್ಟಾಗಿರುವ ಕ್ರೋಮಿಸ್, ಗಾಜಿನ ಪೆಟ್ಟಿಗೆಯಲ್ಲಿ ಒಂದನ್ನೊಂದು ಕಚ್ಚುತ್ತವೆ. ದುರ್ಬಲವಾದದ್ದು ಮೊದಲು ಸಾಯುತ್ತದೆ, ನಂತರ ಅದಕ್ಕಿಂತ ಸ್ವಲ್ಪ ಗಟ್ಟಿಯಾದದ್ದು. ಎಷ್ಟೋ ಮನೆಗಳಲ್ಲಿ ಕೊನೆಗೆ ಉಳಿಯುವುದು ಒಂದೇ. ಅಕ್ವೇರಿಯಂಗೆ ಬರುವ ಸಮುದ್ರದ ಮೀನುಗಳಲ್ಲಿ ಹೆಚ್ಚಿನವು ಸಮುದ್ರದಿಂದಲೇ ಹಿಡಿದು ತಂದವು. ಆರು ಜೀವ ತಂದು ಐದನ್ನು ಕೊಲ್ಲುವುದು ಯಾವ ಹವ್ಯಾಸ?

ನಾವು ಘಟಪ್ರಭೆಯ ದಂಡೆಯವರು, ಸಮುದ್ರ ಘಟ್ಟದ ಆಚೆ. ಗುಂಪೇ ಬೇಕಿದ್ದರೆ ಜೀಬ್ರಾ ಡೇನಿಯೋ ಇದೆ: ನಮ್ಮ ದೇಶದ್ದೇ ಸಿಹಿನೀರಿನ ಮೀನು, ಸಾಕಣೆಯಲ್ಲೇ ಮರಿಯಾದದ್ದು ಸಿಗುತ್ತದೆ. ನಲ್ಲಿ ನೀರಿನ ಕ್ಲೋರಿನ್ ತೆಗೆದು ಎಂಟೋ ಹತ್ತೋ ಬಿಡಿ. ಬಣ್ಣ ಕಡಿಮೆ, ನಿಜ. ಆದರೆ ಒಟ್ಟಿಗೆ ಈಜುತ್ತವೆ.