ಈ ಎರಿನೆಲದಲ್ಲಿ ಸುಸ್ಥಿರ ಅಭಿವೃದ್ಧಿ ಆದೀತೇ?

ಇಂದಿನವರ ಅಗತ್ಯ ತೀರಬೇಕು, ಮುಂದಿನವರ ಪಾಲಿಗೆ ಕುತ್ತು ಬರಬಾರದು. ಸುಸ್ಥಿರ ಅಭಿವೃದ್ಧಿಗೆ ಬ್ರಂಟ್‌ಲ್ಯಾಂಡ್ ಆಯೋಗ 1987ರಲ್ಲಿ ಕೊಟ್ಟ ಅರ್ಥ ಇಷ್ಟೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹೊಲದ ಬದುವಿನಲ್ಲಿ ನಿಂತು ಕೇಳಿದರೆ ಇದು ಮೊದಲಿಗೆ ನೀರಿನ ಪ್ರಶ್ನೆ. ಇಲ್ಲಿ ಅದು ಕೈಗೆಟಕುವ ಗುರಿಯೇ?

ಪರ

ಹಿಂಗಾರಿ ಬಿಳಿಜೋಳ ನೋಡಿ. ಬಿತ್ತಿದ ಮೇಲೆ ಮಳೆ ಬಹುತೇಕ ಮುಗಿದಂತೆಯೇ. ಎರಿಮಣ್ಣು ಕುಡಿದಿಟ್ಟುಕೊಂಡ ಹಸಿಯ ಮೇಲೆಯೇ ಮಾಲ್‌ದಂಡಿ ತಳಿ ಆಳೆತ್ತರ ಬೆಳೆದು ತೆನೆ ಬಿಡುತ್ತದೆ. ನೆಲ ಬಿರಿಯತೊಡಗಿತೆಂದರೆ ರೈತ ಎಡೆಕುಂಟೆ ಹೊಡೆಯುತ್ತಾನೆ. ಮೇಲಿನ ಪುಡಿಮಣ್ಣು ಬಿರುಕಿಗೆ ಇಳಿದು ಒಳಗಿನ ತೇವ ಆರದಂತೆ ತಡೆಯುತ್ತದೆ. ಕಾಳು ರೊಟ್ಟಿಗೆ, ಕಣಿಕೆ ದನಕ್ಕೆ, ದನದ ಗೊಬ್ಬರ ಮತ್ತೆ ಅದೇ ಹೊಲಕ್ಕೆ. ಡೋಣಿ ಹೊಳೆಯ ಸೀಮೆಯಲ್ಲಿ ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂದು ಹಿರಿಯರು ಸುಮ್ಮನೆ ಅಂದದ್ದಲ್ಲ. ಈ ಸೀಮೆ ತಲೆತಲಾಂತರದಿಂದ ಮಾಡಿಕೊಂಡು ಬಂದದ್ದನ್ನು ಆಗದ ಕನಸು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಳೆಯದಷ್ಟೇ ಅಲ್ಲ. 2023ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಇಂಡಿ ಲಿಂಬೆ ಬರದ ನಾಡಿನ ಗಿಡ. ಹನಿ ನೀರು, ಬುಡಕ್ಕೆ ಕಸಕಡ್ಡಿಯ ಹೊದಿಕೆ, ಒಂದು ಕೃಷಿಹೊಂಡ ಇದ್ದರೆ ಸಣ್ಣ ಹಿಡುವಳಿಯೂ ಸಂಸಾರ ತೂಗಿಸುತ್ತದೆ. ಕೃಷ್ಣೆಯ ನೀರು ಎತ್ತಿ ಕೆರೆ ತುಂಬಿಸಿದ ಕಡೆ ಸುತ್ತಲಿನ ಬಾವಿಗಳಿಗೆ ಜೀವ ಬಂದಿದೆ. ನೀರನ್ನು ಅಳೆದು ಕೊಟ್ಟು, ಜೋಳ-ತೊಗರಿಗೆ ಕಬ್ಬಿನಷ್ಟೇ ಭರವಸೆಯ ಬೆಲೆ ಸಿಕ್ಕರೆ ದಾರಿ ಇದೆ.

ವಿರೋಧ

ಆ ಜೋಳದ ಹೊಲದವನ ಮಗ ಎಲ್ಲಿ? ಮಳೆ ಕೈಕೊಟ್ಟ ವರ್ಷ ಗೋವಾದಲ್ಲೋ ಪುಣೆಯಲ್ಲೋ ಗಾರೆ ಹೊರುತ್ತಿರುತ್ತಾನೆ. ಹೊಲ ಬಾಳಿಕೆ ಬಂತು, ಮನೆತನ ಗುಳೆ ಹೋಯಿತು. ಇದನ್ನು ಅಭಿವೃದ್ಧಿ ಅನ್ನಲಾರೆ.

ಹಾಗಾಗಿ ನೀರು ಬೇಕೇ ಬೇಕು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲಿಟ್ಟರು. ಇಂದಿಗೂ ನೀರು ನಿಲ್ಲುವುದು 519.60 ಮೀಟರಿಗೆ. 524.256ಕ್ಕೆ ಏರಿಸಲು ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ, ಆದರೆ ಏರಿಸಿದರೆ ಇನ್ನೂ ಸುಮಾರು 75 ಸಾವಿರ ಎಕರೆ ಮುಳುಗುತ್ತದೆ. ಇಂಡಿಯ ಗಿಡ ಉಳಿಯಲು ಹೊಳೆದಂಡೆಯವನ ಊರು ಹೋಗಬೇಕು. ಇತ್ತ ಭೀಮಾ ನದಿಯ ಕೀಲಿ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಲ್ಲಿದೆ: ಬೇಸಿಗೆಯಲ್ಲಿ ಉಸುಕು ಕಾಣುತ್ತದೆ, 2020ರ ಅಕ್ಟೋಬರಿನಂತೆ ಒಮ್ಮೆಲೆ ಬಿಟ್ಟರೆ ಇಂಡಿ, ಸಿಂದಗಿಯ ಬೆಳೆ ತೇಲಿಹೋಗುತ್ತದೆ. ಇದೇ ಸೀಮೆಯ ಕೂಡಗಿಯಲ್ಲಿ 2400 ಮೆಗಾವ್ಯಾಟ್ ಉಷ್ಣಸ್ಥಾವರ ಬಂತು. ಅದನ್ನು ವಿರೋಧಿಸಿ ಬೀದಿಗಿಳಿದ ರೈತರ ಮೇಲೆ 2014ರ ಜುಲೈನಲ್ಲಿ ಗೋಲಿಬಾರ್ ಆಯಿತು. ವಿದ್ಯುತ್ತು ದೂರದ ಊರುಗಳಿಗೂ ಹರಿಯುತ್ತದೆ, ಬೂದಿ ಇಲ್ಲೇ ಬೀಳುತ್ತದೆ. ನಾಲ್ಕು ತಾಲೂಕಿನ ಹಣೆಬರಹವನ್ನು ಹೀಗೆ ಬೇರೆಲ್ಲೋ ಬರೆಯುತ್ತಿರುವಾಗ ಇಲ್ಲಿನವರು ಯಾವ ಗುರಿ ಇಟ್ಟುಕೊಂಡು ಏನು?

ಇನ್ನು ಡೋಣಿ. ಹೂಳು ತುಂಬಿ, ಜಾಲಿ ಬೆಳೆದು, ಮಳೆ ಹೆಚ್ಚಾದರೆ ಅದೇ ಜೋಳದ ಹೊಲಕ್ಕೆ ನುಗ್ಗುತ್ತದೆ.

ಕಾಲುವೆ ಬಂದ ಕಡೆಯ ಸಂಕಟ ಇನ್ನೊಂದು. ನೀರು ಬಂದೊಡನೆ ಕಬ್ಬು, ಕಬ್ಬಿಗೆ ಮಡಿ ತುಂಬ ನೀರು. ಎರಿನೆಲ ಬಸಿಯುವುದಿಲ್ಲ. ಕೆಲವೇ ವರ್ಷಗಳಲ್ಲಿ ತಗ್ಗಿನ ಹೊಲ ಬೆಳಗಿನ ಬಿಸಿಲಿಗೆ ಬೆಳ್ಳಗೆ ಮಿನುಗುತ್ತದೆ. ಹತ್ತಿರ ಹೋಗಿ ಬೆರಳಲ್ಲಿ ಒತ್ತಿದರೆ ಉಪ್ಪಿನ ಹಕ್ಕಳೆ, ಅದರ ಕೆಳಗೆ ಜಿಗುಟು ಕೆಸರು. ಹಾಕಿದ ಬೀಜ ಮೊಳೆಯುವುದಿಲ್ಲ. ಸವಳು-ಜವಳು ಎನ್ನುತ್ತಾರೆ. ಮದ್ದು ಗೊತ್ತಿಲ್ಲದ ರೋಗವಲ್ಲ ಇದು: ಬಸಿಗಾಲುವೆ ತೋಡಿ ನೀರನ್ನು ಹಳ್ಳಕ್ಕೆ ಬಿಡಬೇಕು. ಹಳ್ಳಕ್ಕೆ ಹೋಗುವ ದಾರಿ ಮಾತ್ರ ಪಕ್ಕದವನ ಹೊಲದ ನಡುವೆ. ಅವನ ಕಬ್ಬು ಇನ್ನೂ ಹಸಿರಾಗಿದೆ. ಅವನು ಅಗೆಯಲು ಬಿಡುತ್ತಿಲ್ಲ.