ಮುಲಾಮು ಹಚ್ಚುವವಳು ನಾನೇ ಏಕೆ?

‘ಕ್ಲಾಸು’ ಎಂದರೆ ಮೂವತ್ತು ವರ್ಷಗಳಿಂದ ನನಗೆ ಗೊತ್ತಿದ್ದದ್ದು ಎಂಟನೇ ‘ಬಿ’ ಮಾತ್ರ. ಕಳೆದ ಬೇಸಿಗೆ ರಜೆಯಲ್ಲಿ ಅಮೆರಿಕದಲ್ಲಿರುವ ಮಗಳ ಮನೆಗೆ ಹೋದಾಗ ಅದಕ್ಕೆ ಇನ್ನೊಂದು ಅರ್ಥವಿರುವುದು ತಿಳಿಯಿತು.

ಶನಿವಾರ ಸಂಜೆ ಅವಳ ಸ್ನೇಹಿತರು ಊಟದ ಮೇಜಿನ ಸುತ್ತ ಕಾಗದ, ಪೆನ್ಸಿಲು, ಇಪ್ಪತ್ತು ಮುಖದ ದಾಳ ಹರಡಿಕೊಂಡು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡಲು ಕೂತರು. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ, ತಾವೇನು ಮಾಡುತ್ತೇವೆಂದು ಹೇಳಿ ದಾಳ ಉರುಳಿಸುತ್ತಾರೆ. ಪಾತ್ರದ ಕಸುಬೇ ಅದರ ಕ್ಲಾಸು: ಯೋಧ, ಮಾಂತ್ರಿಕ, ಕಳ್ಳ, ದೇವರ ಹೆಸರಿನಲ್ಲಿ ಗಾಯ ವಾಸಿ ಮಾಡುವ ಕ್ಲೆರಿಕ್, ಹೀಗೆ. ನನ್ನನ್ನೂ ಕೂರಿಸಿಕೊಂಡರು. “ಅಮ್ಮ, ನೀನು ಕ್ಲೆರಿಕ್ ಆಗು. ಅದಕ್ಕೆ ಯಾರೂ ಇಲ್ಲ” ಎಂದಳು ಮಗಳು.

ಮೂರು ಗಂಟೆ ನಾನು ಮಾಡಿದ್ದೇನು? ಯೋಧ ಏಟು ತಿಂದು ಬಂದ, ವಾಸಿ ಮಾಡಿದೆ. ಮಾಂತ್ರಿಕ ಬಿದ್ದ, ಎಬ್ಬಿಸಿದೆ. ಹಬ್ಬದ ದಿನ ಎಲ್ಲರಿಗೂ ಬಡಿಸಿ, ಕೊನೆಗೆ ತಣ್ಣಗಾದ ಸಾರು ಉಣ್ಣುವವಳ ಪಾಡು.

ಸಿಟ್ಟಿನಲ್ಲೇ ಆಟದ ಚರಿತ್ರೆ ಓದಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದಾಗ ಇದ್ದದ್ದು ಮೂರೇ ಕ್ಲಾಸು. ಯೋಧನ ಹೆಸರೇ ‘ಫೈಟಿಂಗ್ ಮ್ಯಾನ್’! ಕಳ್ಳ ಬಂದದ್ದು ಮರುವರ್ಷ. 1978ರ ನಿಯಮಪುಸ್ತಕದಲ್ಲಂತೂ ಹೆಣ್ಣು ಪಾತ್ರದ ದೇಹಬಲಕ್ಕೆ ಗಂಡಿಗಿಂತ ಕಡಿಮೆ ಮಿತಿ. ಬೆಂಕಿಯುಗುಳುವ ಡ್ರ್ಯಾಗನ್ನನ್ನು ನಂಬುವವರಿಗೆ ಬಲವಾದ ಹೆಂಗಸನ್ನು ನಂಬುವುದು ಕಷ್ಟವಾಯಿತು ನೋಡಿ. 1989ರ ಎರಡನೇ ಆವೃತ್ತಿಯಲ್ಲಿ ಆ ಮಿತಿಯನ್ನು ತೆಗೆದರು.

ಹಾಗೆಂದು ಕ್ಲಾಸುಗಳೇ ಬೇಡ ಎನ್ನುವವರ ಜೊತೆ ನಾನಿಲ್ಲ. ಕ್ಲಾಸಿಲ್ಲದ ಆಟಗಳೂ ಇವೆ. 1978ರ ‘ರೂನ್‌ಕ್ವೆಸ್ಟ್’ನಲ್ಲಿ ಬಳಸಿದ ವಿದ್ಯೆ ಬಳಸಿದಂತೆ ಬೆಳೆಯುತ್ತದೆ, ಮೇಷ್ಟರಿಗೆ ಒಪ್ಪುವ ಮಾತು. 1986ರ ‘ಗರ್ಪ್ಸ್’ನಲ್ಲಿ ಇಂತಿಷ್ಟು ಅಂಕ ಕೊಟ್ಟು, ಬೇಕಾದ ಗುಣಗಳನ್ನು ಕೊಂಡುಕೋ ಎನ್ನುತ್ತಾರೆ. ಕೇಳಲು ಚೆಂದ. ಆದರೆ ಹೊಸಬಳಿಗೆ ಅದು ನೂರು ಸೀರೆ ಹರಡಿಟ್ಟ ಅಂಗಡಿಯಂತೆ: ಕೊನೆಗೆ ಪಕ್ಕದವಳು ಹೇಳಿದ್ದನ್ನೇ ಕಟ್ಟಿಸಿಕೊಂಡು ಬರುತ್ತೇವೆ. ಪುಸ್ತಕವನ್ನು ಅರೆದು ಕುಡಿದವನೇ ಅಲ್ಲಿ ಶೂರ. ‘ನೀನು ಕಳ್ಳ’ ಎಂದೊಡನೆ ಬೀಗ ತೆಗೆಯುವುದು, ಸದ್ದಿಲ್ಲದೆ ನಡೆಯುವುದು ನನ್ನ ಕೆಲಸವೆಂದು ಯಾರಿಗಾದರೂ ತಿಳಿಯುತ್ತದೆ. ಒಬ್ಬರಿಲ್ಲದೆ ಒಬ್ಬರಿಗೆ ನಡೆಯದು ಎನ್ನುವಂತಾಗುವುದೂ ಇದರಿಂದಲೇ.

ದೋಷವಿಲ್ಲವೆಂದಲ್ಲ. ಹಳೆಯ ನಿಯಮದಲ್ಲಿ ಮೊದಲ ಹಂತದ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ, ಒಂದೇಟಿಗೆ ಸಾಯುವಷ್ಟು ಜೀವ. ಮೇಲಿನ ಹಂತಕ್ಕೆ ಹೋದಮೇಲೆ ಅವನ ಮುಂದೆ ಯೋಧ ಬರೀ ಕಾವಲುಗಾರ. ಇಬ್ಬರಲ್ಲೊಬ್ಬರು ಯಾವಾಗಲೂ ಆಕಳಿಸುತ್ತಿರಬೇಕು. ಇದು ನಿಯಮ ಬರೆದವರ ತಪ್ಪು.

ಕ್ಲೆರಿಕ್ಕಿನ ವಿಷಯ ಬೇರೆ. ಈ ಕೆಲಸ ಯಾರಿಗೂ ಬೇಡವೆಂದು ಬರೆದವರಿಗೇ ಅರ್ಥವಾಗಿತ್ತು. 2000ದ ಮೂರನೇ ಆವೃತ್ತಿಯಲ್ಲಿ, ಸಿದ್ಧಮಾಡಿಕೊಂಡ ಬೇರೆ ಮಂತ್ರವನ್ನು ಬೇಕೆನಿಸಿದಾಗ ವಾಸಿ ಮಾಡುವ ಮಂತ್ರವಾಗಿ ಬದಲಿಸಿಕೊಳ್ಳಲು ಬಿಟ್ಟರು. 2014ರ ಐದನೆಯದರಲ್ಲಿ ದೂರದಿಂದಲೇ ಒಂದು ಮಾತಿನಿಂದ ಬಿದ್ದವನನ್ನು ಎಬ್ಬಿಸಿ, ಅದೇ ಸರದಿಯಲ್ಲಿ ಗದೆಯನ್ನೂ ಬೀಸಬಹುದು. ಅಂದು ಆಡಿದ್ದು ಆ ಐದನೆಯ ಆವೃತ್ತಿಯೇ. ಆದರೂ ಗದೆ ಬೀಸಬಹುದೆಂದು ನನಗೆ ಯಾರೂ ಹೇಳಲಿಲ್ಲ. ಆ ಮೇಜಿನಲ್ಲಿ ಹೆಂಗಸರು ನಾನು, ಮಗಳು ಇಬ್ಬರೇ. ನಾನು ಬರುವ ತನಕ ಕ್ಲೆರಿಕ್ ಆಗಿದ್ದವಳು ಅವಳಂತೆ. ಬೇರೆ ಪಾತ್ರ ತೆಗೆದುಕೊಳ್ಳಲು ಅಮ್ಮ ಬರುವುದನ್ನೇ ಕಾದಿದ್ದಳು! ಎಂಜಿನಿಯರ್ ಓದಿಸಿದ್ದೆ.

ಮುಂದಿನ ಶನಿವಾರ ನಾನು ಕಳ್ಳಿಯಾದೆ. ಕ್ಲೆರಿಕ್ಕಿನ ಹಾಳೆಯನ್ನು ಅಳಿಯನ ಮುಂದೆ ಸರಿಸಿದೆ. ಅವನು ಮಗಳ ಮುಖ ನೋಡಿದ. ಅವಳು ದಾಳ ಎಣಿಸುತ್ತಿದ್ದಳು.